ಸೂರ್ಯನ ಮೇಲಿನ ಕರಿ ಚುಕ್ಕಿ

“ಸರ, ಶುಕ್ರ ಬಂದಽ ಬಿಟ್ಟಾನ್ರಿ! ಕರೀ ಚುಕ್ಕಿ ಕಾಣಾಕತ್ತೈತಿ,” ಎಂದರು ಕಂಪ್ಯೂಟರ್ ಮುಂದೆ ಕುಳಿತಿದ್ದ ಉಮಾಶ್ರೀ ಟೀಚರ್.

ಎರಡು ಸಾವಿರದ ನಾಲ್ಕರ ಜೂನ್ ಎಂಟು, ಕಿತ್ತೂರಿನ ಒಂದು ಶಾಲೆಯ ಬಯಲು. ದುರ್ಬೀನಿಗೆ ಜೋಡಿಸಿದ ಹೊಸ ಕ್ಯಾಮೆರಾದ ಮೂಲಕ, ಶುಕ್ರ ಸೂರ್ಯನನ್ನು ದಾಟುವುದನ್ನು ಕಂಪ್ಯೂಟರ್ ಪರದೆಯಲ್ಲಿ ನೋಡಲು ನಿಂತವರ ಪಾಳಿಯಲ್ಲಿ ನಾನೇ ಮೊದಲಿಗ.

“ಇನ್ನ ಹತ್ತ ಮಿನಿಟ ಅದ,” ಎಂದರು ಟೀಚರಿಗೇ ಒಂದು ಕಾಲಕ್ಕೆ ಕಲಿಸಿದ್ದ ಮುಕುಂದ ಮಾಸ್ತರರು. “ದುರ್ಬೀನ್ ಸರಸ್ತೇನಿ. ಚುಕ್ಕಿ ಸರೀತದೇನ ನೋಡು.”

“ಸೂರ್ಯ ಸರದಾನ್ರಿ. ಚುಕ್ಕಿ ನಿಂತಲ್ಲೇ ಐತಿ.”

“ಹಂಗಾರ ಕ್ಯಾಮೆರಾದಾಗ ಏನೋ ಬಿದ್ದದ.”

“ಮುಂಜಾನೆ ಅದಕ್ಕ ಕುಂಕುಮ ಏರಿಸಿದವ್ರು ಯಾರ್ರಿ?”

“ಹೊಸಾ ಸಾಮಾನಕ್ಕ ಪೂಜಿ ಬ್ಯಾಡೇನು?”

ಮಾಸ್ತರರು ಕ್ಯಾಮೆರಾ ಬಿಚ್ಚಿ, ಧೋತರದ ಚುಂಗಿನಿಂದ ಒರೆಸಿ, ಮತ್ತೆ ಜೋಡಿಸಿದರು.

“ಈಗ ಕ್ಯಾಮೆರಾನಽ ಇಲ್ಲ ಅಂತೈತ್ರಿ ಸಾಫ್ಟ್‌ವೇರ್.”

“ಬಂದ್ ಮಾಡಿ ಚಾಲೂ ಮಾಡು.”

“ಮಾಡಿದ್ನ್ರಿ. ಅದಽ ಹಾಡು.”

“ಲಗೂ ನೋಡ ಉಮಾ. ಮುಂದಿನ ಸಲ ಎಂಟು ವರ್ಷಕ್ಕ. ನಾ ಇರತೇನೋ ಇಲ್ಲೋ.”

“ತಡೀರಿ, ವೈರ್ ಬ್ಯಾರೆ ತೂತಿಗೆ ಹಾಕೀರಿ! ಮೊದಲಿನದಕ್ಕಽ ಹಾಕ್ರಿ… ಬಂತ್ರಿ!”

“ರೆಕಾರ್ಡ್ ಒತ್ತು!”

“ಒತ್ತೇನ್ರಿ.”

ಸೂರ್ಯನ ಅಂಚಿನಲ್ಲಿ ಸಣ್ಣದೊಂದು ಕಪ್ಪು ತಗ್ಗು ಮೂಡಿತು. ಮಾಸ್ತರರು ಪಾಳಿಯತ್ತ ತಿರುಗಿದರು. ನನ್ನ ರಟ್ಟೆ ಹಿಡಿದು ಪರದೆಯ ಮುಂದೆ ನಿಲ್ಲಿಸಿ, ತಾವು ಪಕ್ಕಕ್ಕೆ ಸರಿದರು.