ಪಿಮ್ ಎದ್ದು ನಡೆದ ಭಾನುವಾರ

ಪಿಮ್‌ನ ಕರ್ಕೊಂಡು ಹೋಗ್ತೀಯಾ? ಇವತ್ತೇ? ಏನೇ ಜೊನೆಟ್, ತಲೆ ನೆಟ್ಟಗಿದೆಯಾ ನಿಂಗೆ! ಕೂತ್ಕೊ. ಮೊದಲು ಕೂತ್ಕೊ. ಮಹಡಿ ಮೇಲೆ ಅವಳು ಪೆಟ್ಟಿಗೆ ತುಂಬ್ತಿದ್ದಾಳೆ, ಅದೂ ನಂಗೊಂದು ಮಾತು ಹೇಳದೆ. ನೀನೇ ಹೇಳಿದ್ದಾ ತುಂಬ್ಕೊ ಅಂತ? ...ಸರಿ, ಹೇಳ್ಬೇಡ. ಪರದೇಶದಿಂದ ಓದೋಕೆ ಬರೋ ಮಕ್ಕಳನ್ನ ನಮ್ಮ ಮನೆಗಳಿಗೆ ಹಂಚೋಳು ನೀನು, ವಾಪಸ್ ತಗೊಳ್ಳೋಳೂ ನೀನೇ. ಗೊತ್ತು. ಆದ್ರೆ ನಾವಿಬ್ರೂ ಒಂದೇ ಚರ್ಚಿನ ಸಂಡೇ ಸ್ಕೂಲ್ ಬೆಂಚಲ್ಲಿ ಬೆಳೆದವರು ಕಣೇ, ಅದನ್ನ ಮರೀಬೇಡ.

ತಣ್ಣನೆ ಟೀ ಇಟ್ಟಿದ್ದೀನಿ, ಕುಡಿ. ಐಸ್ ಕರಗ್ತಿದೆ.

ನಾನೇನು ಮಾಡಿದೆ, ಹೇಳು. ಮಗಳ ಹಾಗೆ ನೋಡ್ಕೊಂಡೆ. ಥಾಯ್ಲೆಂಡಿನ ಹುಡುಗಿ, ಅನ್ನ ಇಲ್ಲದಿದ್ರೆ ಊಟ ಸೇರಲ್ಲ ಅಂತ ನಮ್ಮ ಡೆಲ್, ಲಿಟಲ್ ರಾಕ್ ಪೇಟೆ ಎಲ್ಲಾ ಅಲೆದು ಮೂಟೆ ಅಕ್ಕಿ ಹೊತ್ಕೊಂಡು ಬಂದ. ಮಾಂಸ ಆಲೂಗಡ್ಡೆ ಬಿಟ್ಟು ಬೇರೆ ಮುಟ್ಟದ ನನ್ನ ಗಂಡ, ಅವಳ ಜೊತೆ ಕೂತು ಅನ್ನಕ್ಕೆ ಮೀನಿನ ಸಾಸ್ ಹಾಕ್ಕೊಂಡು ತಿಂದ! ಅವಳ ರೂಮಲ್ಲಿ ಪುಟ್ಟ ಬುದ್ಧ ಇದ್ದಾನೆ. ನಾನು ಒಂದಿನ ಮುಟ್ಟಿದ್ದೀನಾ? ಅವನ ಮೇಲಿನ ಧೂಳು ಕೂಡ ಒರೆಸಿಲ್ಲ... ಯಾಕೆ ನಗ್ತೀ? ನಗೋ ಮಾತೇ ಇದು?

ಮತ ಬದಲಿಸು ಅಂತ ನಾನು ಬಲವಂತ ಮಾಡ್ಲಿಲ್ಲ. ಆ ಭಾನುವಾರ ಚರ್ಚಲ್ಲಿ ಕೊನೇ ಹಾಡು ನಡೀತಿತ್ತು, ಪಾಸ್ಟರ್ ಎಂದಿನ ಹಾಗೆ ಕೈ ಚಾಚಿ, ಯೇಸುವಿಗೆ ಹೃದಯ ಕೊಡೋರು ಮುಂದೆ ಬನ್ನಿ ಅಂದ್ರು. ಅವಳು ಎದ್ಳು. ನಡೆದ್ಳು. ಇಡೀ ಚರ್ಚೇ ನೋಡ್ತು! ಡೆಲ್ ಅತ್ತೇಬಿಟ್ಟ. ...ಏನು? ನಾನು ತಳ್ಳಿದ್ನಾ? ಇಲ್ಲಪ್ಪ! ಮೊಣಕೈ ಮುಟ್ಟಿದೆ, ಅಷ್ಟೇ. ಆಮೇಲೆ ಕಿವಿಯಲ್ಲಿ... ಹೂಂ, ಒಂದು ಮಾತು ಅಂದೆ. 'ಹೋಗು ಚಿನ್ನ, ಎಲ್ರೂ ಖುಷಿ ಪಡ್ತಾರೆ' ಅಂದೆ. ಅದು ತಳ್ಳಿದ ಹಾಗಾ? ಬೇಡ ಅನ್ನಿಸಿದ್ರೆ ಬೇಡ ಅನ್ಬೇಕಿತ್ತು ಅವಳು!

...ಗೊತ್ತು. ಅವಳು ಬೇಡ ಅನ್ನಲ್ಲ. ಯಾರು ಏನು ಕೊಟ್ರೂ ಕೈ ಮುಗಿದು ಥ್ಯಾಂಕ್ಸ್ ಹೇಳ್ತಾಳೆ. ನನ್ನ ಲೋಳೆ ಬೆಂಡೆಕಾಯಿ ಪಲ್ಯಕ್ಕೂ ಥ್ಯಾಂಕ್ಸ್. ನಿನ್ನೆ ದೀಕ್ಷಾಸ್ನಾನದ ತೊಟ್ಟಿಯಿಂದ ಎದ್ದು ಬಂದವಳೇ, ಮೈಯೆಲ್ಲ ನೀರು ಸುರೀತಾ, ಪಾಸ್ಟರಿಗೂ ಕೈ ಮುಗಿದ್ಳು. ಅಲ್ನೋಡು, ಅವಳ ಬಿಳಿ ನಿಲುವಂಗಿ ಇನ್ನೂ ಹಿತ್ತಲಲ್ಲಿ ಒಣಗ್ತಿದೆ.

ದೀಕ್ಷಾಸ್ನಾನಕ್ಕೆ ಹೆತ್ತವರ ಒಪ್ಪಿಗೆ ಬೇಕು, ಅದೇ ತಾನೇ ನಿಮ್ಮ ಸಂಸ್ಥೆ ಕಾನೂನು? ಇದೆ. ಅವರಮ್ಮ ಒಪ್ಪಿದ್ದಾರೆ. ಪಿಮ್ ಹೋದ ವಾರ ಇಲ್ಲೇ ನಿಂತು ಕೇಳಿದ್ಳು, 'ಅಮ್ಮ ಬೇಜಾರ್ ಮಾಡ್ಕೊಳ್ತಾರಾ' ಅಂತ. ನಾನೇ ಫೋನ್ ಮಾಡಿ ಕೇಳ್ದೆ. ಸಂತೋಷವಾಗಿ ಒಪ್ಪಿದ್ರು, ಪಿಮ್‌ಗೂ ಹಾಗಂತ ಹೇಳ್ದೆ. ...ಯಾವ ಭಾಷೆಯಲ್ಲಾ? ಇಂಗ್ಲಿಷಲ್ಲಿ! ಅವರಿಗೆ ಬರುತ್ತೆ. ಸ್ವಲ್ಪ... ಸ್ವಲ್ಪ ಬರುತ್ತೆ.

ಹಾಗೆ ನೋಡ್ಬೇಡ.

ಬೈಯಿ ಬೇಕಾದ್ರೆ!

ಜೊನೆಟ್, ಇವಳಿಗೆ ಮುಂಚೆ ಎಷ್ಟು ಮಕ್ಕಳು ಈ ಮೇಜಲ್ಲಿ ನಮ್ಮ ಕೈ ಹಿಡ್ಕೊಂಡು ಪ್ರಾರ್ಥನೆಗೆ ತಲೆ ಬಗ್ಗಿಸಿದ್ವು! ಅಮ್ಮಾ ಅಂತಿದ್ವು. ಏರ್‌ಪೋರ್ಟಲ್ಲಿ ಅತ್ವು. ಹೋದ್ವು. ಒಂದಾದ್ರೂ ವಾಪಸ್ ಬಂತಾ? ಜೂನಲ್ಲಿ ಇವಳೂ ಹೋಗ್ತಾಳೆ. ಇನ್ನೆಲ್ಲಿ ನೋಡ್ಲಿ ಅವಳನ್ನ? ನೀನೂ ಯೇಸುನ ನಂಬೋಳೇ, ನೀನೇ ಹೇಳು... ಪರಲೋಕದಲ್ಲಾದ್ರೂ ನಂಗೆ ಸಿಗ್ಲಿ ಅಂತ ಆಸೆ ಪಟ್ಟೆ. ಅವರಮ್ಮನ್ನ ಕೇಳಿದ್ರೆ ಬೇಡ ಅಂದ್ಬಿಡ್ತಿದ್ರು! ಅದಕ್ಕೇ...

...ನಿಂಗೆ ಆಶ್ಚರ್ಯನೇ ಆಗ್ಲಿಲ್ವಾ? ಅವರಮ್ಮನ್ನ ನಾನು ಕೇಳೇ ಇಲ್ಲ ಅಂದ್ರೂ?

ನಿಂಗೆ ಮೊದಲೇ ಗೊತ್ತಿತ್ತು. ಬಾಗಿಲಿಗೆ ಬಂದಾಗ್ಲೇ ಗೊತ್ತಿತ್ತು. ಆದ್ರೆ ಹೇಗೆ? ಪಿಮ್ ನನ್ನ ಮೇಲೆ ದೂರು ಹೇಳೋಳಲ್ಲ. ನನ್ನ ಮಾತು ಸುಳ್ಳು ಅಂತ ಅವಳಿಗೆ ಕನಸಲ್ಲೂ...

ಅಯ್ಯೋ.

ಜೊನೆಟ್... ಅವಳು ಊರಿಗೆ ಫೋನ್ ಮಾಡಿದ್ಳಾ? ಒಪ್ಪಿದ್ದಕ್ಕೆ... ಅಮ್ಮನಿಗೆ ಥ್ಯಾಂಕ್ಸ್ ಹೇಳಿದ್ಳಾ?