ಹಳೇದನ್ನೇ ಹಾಕು

ನಗ್ಬೇಡ! ಹೊಸ ಕಂಪ್ಯೂಟರಿಗೆ ಹಳೇ ಆಪರೇಟಿಂಗ್ ಸಿಸ್ಟಮ್ಮೇ ಹಾಕು ಅಂದ್ರೆ ಯಾಕೆ ನಗು ಬರತ್ತೆ ನಿಂಗೆ? ನೀನು ಜೋಡಿಸೋದ್ರಲ್ಲಿ ಎತ್ತಿದ ಕೈ ಇರಬಹುದಮ್ಮ. ಬೋರ್ಡು, ಫ್ಯಾನು ಎಲ್ಲ ಆರಿಸಿ ತಂದು ನನಗೋಸ್ಕರ ಇದನ್ನ ಕಟ್ಟಿದ್ದೀಯ... ಚೆನ್ನಾಗಿದೆ, ಇಲ್ಲ ಅಂದೋರ್ಯಾರು? ಆದ್ರೆ ಟೈಪ್ ಮಾಡೋಳು ನಾನು. ಅತ್ತೆ ಅಂತ ಯಾವತ್ತಾದ್ರೂ ನಿನ್ನ ಹತ್ರ ಹಟ ಹಿಡಿದಿದ್ದೀನಾ? ...ಯಾಕೆ ಹಾಗೆ ಕೆಮ್ಮಿದೆ? ಸರಿ, ಹಿಡಿದಿದ್ದೀನಿ. ಇದೂ ಒಂದು ಅಂದ್ಕೋ!

ಹೊಸದನ್ನ ನಿನ್ನ ಗಂಡನ ಲ್ಯಾಪ್‌ಟಾಪಲ್ಲಿ ನೋಡಿದ್ದೀನಿ ಕಣೇ. ಎಲ್ಲ ತಲೆಕೆಳಗು! ಮೂಲೇಲಿದ್ದದ್ದು ಮಧ್ಯಕ್ಕೆ ಬಂದು ಕೂತಿದೆ. ಯಾರೋ ಬಂದು ನಮ್ಮ ಅಡುಗೆಮನೆ ಡಬ್ಬಿಗಳನ್ನೆಲ್ಲ ಜಾಗ ಬದಲಾಯಿಸಿ ಹೋದ ಹಾಗೆ. ವಕೀಲರು ಮಾತಾಡಿ ರೆಕಾರ್ಡ್ ಮಾಡಿ ಫೋನಿಗೆ ಕಳಿಸ್ತಾರೆ, ನಾನು ಕಿವಿಗೆ ಸಿಕ್ಕಿಸ್ಕೊಂಡು ಹೊಡೀತಾ ಹೋಗ್ತೀನಿ. ಹಳೇದ್ರಲ್ಲಿ ಯಾವುದು ಎಲ್ಲಿದೆ ಅಂತ ಬೆರಳಿಗೇ ಗೊತ್ತು. ಹೊಸದ್ರಲ್ಲಿ ಹುಡುಕ್ತಾ ಕೂತ್ರೆ ಅವರು ಬೇರೆ ಟೈಪಿಸ್ಟ್ ನೋಡ್ಕೋತಾರೆ, ಅಷ್ಟೇ. ಆಮೇಲೆ ನಾನೇನು ಮಾಡ್ಲಿ? ನಿಮ್ಮಿಬ್ಬರ ಮುಖ ನೋಡ್ಕೊಂಡು ಕೂರ್ಲಾ?

ವೈರಸ್ಸಾ? ಇಂಟರ್ನೆಟ್ ವೈರೇ ಕಿತ್ತು ಬಿಸಾಕು, ಬರೋದಾದ್ರೂ ಎಲ್ಲಿಂದ!

ಏಳು, ಕುರ್ಚಿ ಬಿಡು. ನಾನೇ ಹಾಕ್ತೀನಿ. ಹಳೇ ಕಂಪ್ಯೂಟರ್ ಸುಟ್ಟುಹೋಗೋಕೆ ಮುಂಚೆ ಎಷ್ಟು ಸಲ ಹಾಕಿಲ್ಲ ಇದನ್ನ! ಸಿ.ಡಿ. ತಿರುಗ್ತಿದೆ, ಕೇಳಿಸ್ತಾ? ಹಾಂ... ಬಂತು. ಯಾವ ಭಾಷೆ ಅಂತ ಕೇಳತ್ತೆ, ಆಮೇಲೆ 'ಮುಂದೆ'. ಒತ್ತಿದೆ. ಷರತ್ತುಗಳು... ಯಾರು ಓದ್ತಾರೆ, ಒಪ್ಪಿದೆ! ನೋಡು ನೋಡು, ಕಾಪಿ ಆಗೋಕೆ ಶುರುವಾಯ್ತು. ಆ ಹಸಿರು ಪಟ್ಟಿ ಹೇಗೆ ಸರಸರ ಓಡ್ತಿದೆ! ಆಗಲ್ಲ ಆಗಲ್ಲ ಅಂತ ರಾಗ ಎಳೀತಿದ್ಯಲ್ಲ, ಅರ್ಧ ಮುಗಿದೇ ಹೋಯ್ತು...



ಸೋತೆ ಅಂತ ಮುನಿಸಾ? ಒಪ್ಕೊಳ್ಳೇ, ಗಂಟೇನು ಹೋಗತ್ತೆ ನಿಂದು... ಅಯ್ಯೋ, ಮೌಸ್ ಯಾಕೆ ಕಿತ್ಕೊಂಡೆ? ಏನಂದೆ? ಇನ್ನೊಂದ್ಸಲ ಹೇಳು. ...ಹಳೇ ಸಿ.ಡಿ.ಗೆ ಈ ಹೊಸ ಬೋರ್ಡಲ್ಲಿ ಮೌಸು, ಕೀಬೋರ್ಡು ಸಿಕ್ಕಿಸೋ ಸಾಕೆಟ್ಟುಗಳ ಗುರುತೇ ಸಿಗಲ್ವಾ? ಮೌಸೂ ನಡೀತಿಲ್ಲ, ಕೀಬೋರ್ಡೂ ನಡೀತಿಲ್ವಾ? ಹಾಗಾದ್ರೆ... ಇನ್ನೂ ಭಾಷೆ ಕೇಳೋ ಪುಟದಲ್ಲೇ ನಿಂತಿದ್ಯಾ? ಆಗಿಂದ?

ಏನಾದ್ರೂ ಅನ್ನೇ! ಬೈಯಿ ಬೇಕಾದ್ರೆ! ಹೀಗೆ ಸುಮ್ಮನೆ ನಿಂತ್ಬಿಟ್ರೆ ನಿನ್ನ ಮುಖದಲ್ಲಿ ಏನಿದೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?

...

ಹೌದು. ಕಾಣಲ್ಲ. ಅಂಚಲ್ಲಿ ಒಂಚೂರು ಬೆಳಕು, ಮಧ್ಯದಲ್ಲಿ ಏನೂ ಇಲ್ಲ. ಹೋದದ್ದು ವಾಪಸ್ ಬರಲ್ಲ ಅಂದ್ರು ಕಣ್ಣಿನ ಡಾಕ್ಟರು. ಭಯ ಆಗತ್ತೆ ಕಣೇ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ವಕೀಲರ ಒಂದಕ್ಷರ ತಪ್ಪಾಗಿ ಹೋಗಿಲ್ಲ ಇವತ್ತಿನವರೆಗೂ! ನನ್ನ ಮಗನಿಗೆ ಹೇಳ್ತೀಯಾ? ಹೇಳು. ಕೆಲಸ ಬಿಡು, ಆರಾಮಾಗಿ ಕೂತ್ಕೋ ಅಂತಾನೆ. ಆ ಆರಾಮು ಅವನೇ ಇಟ್ಕೊಳ್ಲಿ!

ಅಳ್ತಿದ್ದೀಯಾ? ಅಳೋದೆಲ್ಲ ಆಮೇಲೆ. ಮೊದ್ಲು ಆ ಸಾಕೆಟ್ಟಿಗೆ ಏನು ಬೇಕೋ ಹುಡುಕು. ಹೊಸದು ಹಾಕಿದ್ರೆ ನಾನು ಕುರುಡಿ. ಹಳೇದು ಹಾಕಿದ್ರೆ ಟೈಪಿಸ್ಟು. ಯಾವ ಅತ್ತೆ ಬೇಕು ಹೇಳು ನಿಂಗೆ?