ಆರು ಚುಕ್ಕಿಯ ಮುಖ

ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ನಮ್ಮ ಪಾಲಿಟೆಕ್ನಿಕ್ಕಿನ ವಾರ್ಷಿಕೋತ್ಸವಕ್ಕೆ ಬಂದ ಸಭಿಕರೇ, ಮೊದಲು ಸಂಗತಿಗಳನ್ನು ಕ್ರಮವಾಗಿ ಹೇಳುತ್ತೇನೆ.

ಒಂದು: 1997ರಲ್ಲಿ ಹುಣಸೂರಿನ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾನೂ ಸಹೋದ್ಯೋಗಿ ಪ್ರಮೀಳಾ ಅವರೂ ಒಂದು ಆಟ ತಯಾರಿಸಿದೆವು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಹಾಕಿ ಕಾವು ಕಾಯುವ ಆಟ.

ಎರಡು: ಪರದೆಯ ಅಗಲಕ್ಕೆ ಮುನ್ನೂರಿಪ್ಪತ್ತು ಚುಕ್ಕಿ, ಎತ್ತರಕ್ಕೆ ಇನ್ನೂರು. ಬ್ಯಾರನ್ ಮುಂದೆ ಕೂತು ಸೊಪ್ಪು ಕಟ್ಟುವ ಹೆಣ್ಣಿನ ಮುಖಕ್ಕೆ ಉಳಿದದ್ದು ಆರು ಚುಕ್ಕಿ.

ಮೂರು: ಆ ಆಟವನ್ನು ನಮ್ಮ ವಿದ್ಯಾರ್ಥಿನಿ ಅನುಶ್ರೀ ಇಂದಿನ ಪರದೆಗಳಿಗೆ ಹೊಸದಾಗಿ ಬರೆದಿದ್ದಾಳೆ. ಇಂದು ಇಲ್ಲೇ ಅದರ ಬಿಡುಗಡೆ ಎಂದು ಆಮಂತ್ರಣದಲ್ಲಿದೆ.

ಹಳೆಯ ಗಾಜಿನ ಮಾನಿಟರಿನಲ್ಲಿ ಚುಕ್ಕಿಯ ಅಂಚು ಪಕ್ಕದ ಚುಕ್ಕಿಯೊಳಗೆ ಕರಗುತ್ತಿತ್ತು. ಆರೇ ಚುಕ್ಕಿ ಕೆನ್ನೆಯಾಗುತ್ತಿತ್ತು, ನಗುವಾಗುತ್ತಿತ್ತು. ಅದೇ ಚಿತ್ರವನ್ನು ಈಗಿನ ಪರದೆಯಲ್ಲಿ ಹಿಗ್ಗಿಸಿದರೆ ಆರು ಇಟ್ಟಿಗೆ ಕಾಣುತ್ತವೆ. ಕಡಿಮೆ ಇದ್ದಲ್ಲಿ ಹೆಚ್ಚು ಕಾಣುತ್ತಿತ್ತೇ? ಈ ಪ್ರಶ್ನೆ ನಮ್ಮ ಪಠ್ಯದಲ್ಲಿಲ್ಲ.

ಪ್ರಮೀಳಾ ಅವರಿಗೆ ಮಾತ್ರ ಅಂದೂ ಸಮಾಧಾನವಿರಲಿಲ್ಲ. "ಅಲ್ಲಾ ಕಣ್ರೀ, ನನ್ನ ನೋಡ್ಕಂಡು ಬರ್ದೆ ಅಂತೀರಿ, ಇದು ರಾಗಿಮುದ್ದೆ ಇದ್ದಂಗದಲ್ಲಾ!" "ರೆಸಲ್ಯೂಷನ್ ಸಾಲದು," ಎಂದೆ. "ನಿಮ್ಮ ಮಾತ್ಗೂ ಅದು ಸಾಲ್ದು ಬುಡಿ," ಎಂದು ನಕ್ಕರು. ಮರುವರ್ಷ ಕೇಂದ್ರ ಮುಚ್ಚಿತು. ಅವರು ಸರಗೂರಿಗೆ ಟೀಚರಾಗಿ ಹೋದರು.

ಕಳೆದ ವಾರ ತರಗತಿಯಲ್ಲಿ ಅನುಶ್ರೀ ಕೇಳಿದಳು: "ಸಾರ್, ಈಗ ಚುಕ್ಕಿಗೇನೂ ಬರ ಇಲ್ಲ. ಈ ಯಮ್ಮಂಗೆ ಮೂಗುಬೊಟ್ಟು ಯಾವ ಕಡೆ ಇಡಾಣ?"

ಎಡಗಡೆ ಎಂದೆ. ಮಚ್ಚೆ ಗಲ್ಲದ ಬಲಕ್ಕೆ. ನಕ್ಕರೆ ಒಂದು ಹಲ್ಲು ತುಸು ಮುಂದೆ. ಎಡ ಹುಬ್ಬು ಬಲಕ್ಕಿಂತ ಕೂದಲೆಳೆಯಷ್ಟು ಮೇಲೆ.

"ಸಾರ್, ಆರು ಚುಕ್ಕೀಲಿ ಇಷ್ಟೆಲ್ಲಾ ಎಲ್ಲಿತ್ತು?"

ತರಗತಿಯೇ ನಕ್ಕಿತು. ಅನುಶ್ರೀ ನಗಲಿಲ್ಲ, ನಾನು ಹೇಳಿದಂತೆಯೇ ಬರೆದಳು. ಪರದೆ ತುಂಬ ಪ್ರಮೀಳಾ ಅವರ ಮುಖ ಬಂತು. ನಾನು ಕನ್ನಡಕ ತೆಗೆದು ನೋಡಿದೆ, ಹಾಕಿಕೊಂಡು ನೋಡಿದೆ.

ಸಭಿಕರೇ, ಆರು ಚುಕ್ಕಿ ಯಾರ ಮುಖವಾದರೂ ಆಗಬಹುದು. ಇದು ಒಬ್ಬರದೇ. ಅವರು ಈಗಲೂ ಸರಗೂರಿನಲ್ಲೇ ಇದ್ದಾರೆ, ಒಬ್ಬರೇ ಇದ್ದಾರೆ ಎಂದು ಕೇಳಿದ್ದೇನೆ. ಅವರನ್ನು ಕೇಳದೆ ಈ ಮುಖವನ್ನು ಊರ ಮುಂದಿಡಬಹುದೇ? "ಫೋನ್ ಮಾಡಿ ಕೇಳ್ಬುಡಿ ಸಾರ್," ಎನ್ನುತ್ತಾಳೆ ಅನುಶ್ರೀ. ಫೋನಿನಲ್ಲಿ ನಾನು ಇನ್ನೂ ಕಡಿಮೆ ಮಾತಾಡುತ್ತೇನೆ.

ಹೇಳಬೇಕೆಂದುಕೊಂಡದ್ದಕ್ಕಿಂತ ಹೆಚ್ಚು ಹೇಳಿದೆ. ಸಹಿಸಿ ಕೇಳಿದ ನಿಮಗೆಲ್ಲ ಋಣಿ, ನಮಸ್ಕಾರ. ಬಿಡುಗಡೆ ಇಂದು ಇಲ್ಲ. ಭಾನುವಾರ ಸರಗೂರಿಗೆ ನಾನೇ ಹೋಗಿ ಅವರನ್ನು ಕೇಳುವುದೆಂದು ತೀರ್ಮಾನಿಸಿದ್ದೇನೆ.